ಲಾಗ್ ಬಿಡಿಸುವಾಗ ಕಂಸದ ಮೇಲೆ ಕಣ್ಣಿರಲಿ

ಬೋನಾಳದಿಂದ ಸುರಪುರಕ್ಕೆ ಓದಲು ಹೋಗುವ ಪಿಯುಸಿ ವಿದ್ಯಾರ್ಥಿಗೆ ಲಾಗರಿದಮ್ ದೂರದ ವಿದ್ಯೆ ಎನಿಸಬಹುದು. ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಅದರ ಕೋಷ್ಟಕ ಪ್ರಕಟಿಸಿದ್ದು ನಿಜ. ಆದರೆ ಅದಕ್ಕೂ ಸುಮಾರು ಎಂಟುನೂರು ವರ್ಷ ಮೊದಲೇ, ರಾಷ್ಟ್ರಕೂಟರ ಕಾಲದಲ್ಲಿ, ಜೈನ ಆಚಾರ್ಯ ವೀರಸೇನರು ‘ಧವಲಾ’ ಟೀಕೆಯಲ್ಲಿ ‘ಅರ್ಧಚ್ಛೇದ’ದ ಲೆಕ್ಕ ಬರೆದಿದ್ದರು. ಆ ತಾಳೆಗರಿಗಳನ್ನು ಶತಮಾನಗಳ ಕಾಲ ಜೋಪಾನ ಮಾಡಿದ್ದು ನಮ್ಮ ಮೂಡುಬಿದಿರೆ.

ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಿದರೆ 1 ಉಳಿಯುತ್ತದೆ ಎಂಬುದೇ ಅರ್ಧಚ್ಛೇದ, ಅಂದರೆ ಆಧಾರ 2ರ ಲಾಗ್. 8ಕ್ಕೆ ಮೂರು, 4ಕ್ಕೆ ಎರಡು. 8 ಮತ್ತು 4ನ್ನು ಗುಣಿಸಿದರೆ 32, ಅದಕ್ಕೆ ಐದು. ಗುಣಾಕಾರ ಕೂಡಿಕೆಯಾಗಿಬಿಟ್ಟಿತು! ಈ ನಿಯಮವನ್ನು ಬಾಯಿಪಾಠ ಮಾಡುವ ಮೊದಲು ಹೀಗೆ ಕೈಯಾರೆ ಮಾಡಿ ನೋಡುವುದು ಒಳ್ಳೆಯದು.

ಹಾಗೆಯೇ ಲಾಗ್ ತೆಗೆದಾಗ ಭಾಗಾಕಾರ ಕಳೆಯುವಿಕೆಯಾಗುತ್ತದೆ, ಘಾತ ಮುಂದೆ ಬಂದು ಗುಣಿಸುತ್ತದೆ.

ಆದರೆ ಪರೀಕ್ಷೆಯಲ್ಲಿ ಅಂಕ ಹೋಗುವುದು ಬೇರೆಡೆ. ಲಾಗ್ (ಕ + ಖ) ಕಂಡ ಕೂಡಲೇ ಅನೇಕರು ಲಾಗ್ ಕ + ಲಾಗ್ ಖ ಎಂದು ಬರೆದುಬಿಡುತ್ತಾರೆ. ಆಧಾರ 10 ಇಟ್ಟು ಕ, ಖ ಎರಡರ ಜಾಗದಲ್ಲೂ 100 ಹಾಕಿ ನೋಡಲಿ: ಲಾಗ್ 200 ಎಂದರೆ ಸುಮಾರು 2.301, ಬಿಡಿಸಿದ್ದು ಮಾತ್ರ 4. ಕೂಡಿಕೆಯ ಲಾಗ್ ಹೀಗೆ ಒಡೆಯುವುದಿಲ್ಲ.

ಇನ್ನೊಂದು ಎಚ್ಚರ ಬೇಕಾದದ್ದು ಘಾತದಲ್ಲಿ. ಲಾಗ್ (5ಕ³/ಖ) ಬಿಡಿಸಿದರೆ ಲಾಗ್ 5 + 3 ಲಾಗ್ ಕ − ಲಾಗ್ ಖ. ಮೂರು ಸೇರುವುದು ಕ ಜೊತೆ ಮಾತ್ರ. (5ಕ)³ ಎಂದು ಕಂಸವಿದ್ದರೆ 5ಕ್ಕೂ ಸೇರುತ್ತದೆ.