ಗುಜರಿಯಲ್ಲಿ ಸ್ಪ್ಯಾನರ್ ಹುಡುಕುವವರಿಗೆ

ಹಳೇ ಸ್ಪ್ಯಾನರ್, ಕೈಹತ್ಯಾರಗಳ ಸಂಗ್ರಹ ಕಡಿಮೆ ಖರ್ಚಿನ ಹುಚ್ಚು, ಆದರೆ ಭಾರೀ ತೂಕದ ಹುಚ್ಚು. ಅಟ್ಟ ತುಂಬಿ ಮನೆಯವರು ಬಾಯಿ ಮಾಡುವ ಮೊದಲೇ ಯಾವುದನ್ನು ಬಿಡಬೇಕೆಂದು ಕಲಿತಿರಬೇಕು.

1. ಮೊದಲು ಕೆಲಸ ಕೇಳಿ, ಆಮೇಲೆ ಬೆಲೆ. ಸ್ಪ್ಯಾನರ್ ವಿಚಿತ್ರವಾಗಿ ಕಾಣಲಿ ಎಂದು ಯಾರೂ ಮಾಡಿಸಿದ್ದಲ್ಲ. ಒಂದು ತುದಿಯಲ್ಲಿ ಚೌಕ ತೂತು, ಇನ್ನೊಂದರಲ್ಲಿ ಆರು ಮೂಲೆ, ಪಕ್ಕಕ್ಕೊಂದು ಕೊಕ್ಕೆ ಇದ್ದರೆ ಅದು ಯಾವುದೋ ಒಂದು ಯಂತ್ರದ ಮೂರು ಕೆಲಸಕ್ಕೆಂದೇ ಹುಟ್ಟಿದ್ದು. ಆಯಿಲ್ ಎಂಜಿನ್, ಕಬ್ಬಿಣದ ನೇಗಿಲು, ಬಿತ್ತನೆ ಯಂತ್ರ ಕೊಂಡವರಿಗೆ ಕಂಪನಿಯೇ ಇಂಥದ್ದೊಂದನ್ನು ಜೊತೆಗೆ ಕೊಡುತ್ತಿತ್ತು. ಅದರ ಮೈಮೇಲೆ ಎರಕದಲ್ಲಿ ಮೂಡಿರುವ ಅಂಕಿ ಹೆಚ್ಚಾಗಿ ಅಳತೆಯಲ್ಲ, ಪಾರ್ಟ್ ನಂಬರ್. ಆ ಯಂತ್ರದ ಪಾರ್ಟ್ಸ್ ಪುಸ್ತಕ ಕೈಗೆ ಬಂದರೆ ಜಾತಕವೇ ಸಿಕ್ಕಂತೆ.

2. ವರ್ನಿಯರ್ ಕ್ಯಾಲಿಪರ್ ಜೇಬಿನಲ್ಲಿರಲಿ, ಮೈಮೇಲಿನ ಅಂಕಿ ಬಾಯಿಯ ಅಳತೆ ಹೇಳದಿರಬಹುದು. ಜೋಸೆಫ್ ವಿಟ್ವರ್ತ್ 1841ರಲ್ಲಿ ಇಂಗ್ಲೆಂಡಿನ ಬೋಲ್ಟುಗಳ ಥ್ರೆಡ್‌ಗೆ ಒಂದೇ ಅಳತೆ ಸೂಚಿಸಿದ. ಆ ಪದ್ಧತಿಯ ಸ್ಪ್ಯಾನರ್ ಮೇಲೆ 1/4 ಡಬ್ಲ್ಯೂ ಎಂದಿದ್ದರೆ ಅದು ಬೋಲ್ಟಿನ ದಪ್ಪ. ಸ್ಪ್ಯಾನರಿನ ಬಾಯಿ ಸುಮಾರು 13.3 ಮಿ.ಮೀ. ಇರುತ್ತದೆ, 13ರ ನಟ್ಟಿಗೆ ಸಡಿಲ, 14ಕ್ಕೆ ಕೂರುವುದೇ ಇಲ್ಲ. ಮದ್ರಾಸಿನ ಹಳೇ ಬುಲೆಟ್ ಬೈಕಿಗೆ ಬೇಕಾದದ್ದು ಈ ಇಂಗ್ಲಿಷ್ ಅಳತೆ. ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಜಾವಾ ಚೆಕ್ ಮೂಲದ್ದು, ಅದಕ್ಕೆ ಮಿಲಿಮೀಟರ್. ಗುಜರಿಯಲ್ಲಿ ಎರಡೂ ಒಂದೇ ಗೋಣಿಯೊಳಗಿರುತ್ತವೆ.

3. ಸ್ಕ್ರೂ ಸ್ಪ್ಯಾನರಾದರೆ ಸ್ಕ್ರೂ ಎಲ್ಲಿದೆ ನೋಡಿ. ಹಿಡಿಯನ್ನೇ ತಿರುಗಿಸಿ ಬಾಯಿ ಹೊಂದಿಸುವ ಹಳೆಯ ಮಾದರಿಗಳಿಗೆ ಎರಡೂ ಕೈ ಬೇಕಿತ್ತು. ಅಮೆರಿಕದ ವೂಸ್ಟರ್ ಊರಿನ ಲೋರಿಂಗ್ ಕೋಸ್ 1841ರಲ್ಲಿ ಸ್ಕ್ರೂವನ್ನು ಹಿಡಿಯ ಪಕ್ಕಕ್ಕೆ ತಂದ. ಹಿಡಿದ ಕೈಯ ಹೆಬ್ಬೆರಳಿನಿಂದಲೇ ಅದರ ಬಿಲ್ಲೆ ತಿರುಗಿಸಬಹುದು. 1870ರ ಸ್ಟಿಲ್ಸನ್ ಪೈಪ್ ರೆಂಚಿನ ದವಡೆ ಬೇಕೆಂದೇ ಸಡಿಲ. ಎಳೆದಷ್ಟೂ ಪೈಪನ್ನು ಕಚ್ಚುತ್ತದೆ. ಇಂದು ಎಲ್ಲ ಗ್ಯಾರೇಜಿನಲ್ಲೂ ಇರುವ ಮಾದರಿಗೆ ಸ್ವೀಡನ್ನಿನ ಯೋಹಾನ್ಸನ್ 1892ರಲ್ಲಿ ಪೇಟೆಂಟ್ ಪಡೆದ. ಅಮೆರಿಕದ ಸಾಮಾನಿನ ಮೇಲೆ ಪೇಟೆಂಟ್ ದಿನಾಂಕ ಒತ್ತಿರುವುದುಂಟು. ಅದರ ಮೂಲ ನಕ್ಷೆ ಗೂಗಲ್ ಪೇಟೆಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಪೇಟೆಂಟ್ ದಿನಾಂಕವನ್ನೇ ತಯಾರಾದ ದಿನಾಂಕ ಎಂದುಕೊಳ್ಳಬೇಡಿ, ಒಂದೇ ಅಚ್ಚನ್ನು ವರ್ಷಗಟ್ಟಲೆ ಒತ್ತುತ್ತಿದ್ದರು.

4. ತೂಕಕ್ಕೆ ಕೇಳಿ. ಬೆಂಗಳೂರಿನ ಸಂಡೇ ಬಜಾರಿಗೆ ಬೆಳ್ಳಂಬೆಳಗ್ಗೆಯೇ ಹೋಗಿ. “ಇದು ಯಾವುದರದ್ದು ಭಾಯ್?” ಎಂದಾಗ “ಯಾವ್ದೋ ಹಳೇ ಗಾಡೀದು ಸಾರ್, ಗಟ್ಟಿ ಮಾಲು” ಎಂಬ ಉತ್ತರ ಬಂದರೆ ಒಳ್ಳೆಯ ಲಕ್ಷಣ. “ಆಂಟಿಕ್ ಸಾರ್” ಎಂದರೆ ಮುಂದಿನ ರಾಶಿಗೆ ನಡೆಯಿರಿ.

5. ದಾರಕ್ಕೆ ತೂಗುಹಾಕಿ ಮೆಲ್ಲಗೆ ಬಡಿಯಿರಿ. ಒಂದೇ ತುಂಡಿನ ಸ್ಪ್ಯಾನರಾದರೆ ಠಣ್ ಎನ್ನಬೇಕು. ದಬ್ ಎಂದರೆ ಬಾಯಿಯ ಬುಡದಲ್ಲಿ ಬಿರುಕೋ ವೆಲ್ಡಿಂಗ್ ತೇಪೆಯೋ ಇದೆಯೇ ಎಂದು ಹುಡುಕಿ.

6. ನಕಲಿಗೆ ಹೆದರಬೇಡಿ, ಅಳೆಯಿರಿ. ಅಸಲಿಯನ್ನೇ ಅಚ್ಚಾಗಿಟ್ಟು ಎರಕ ಹೊಯ್ದರೆ ಕಬ್ಬಿಣ ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ, ಅಕ್ಷರಗಳ ಅಂಚು ಮೊಂಡಾಗುತ್ತದೆ. ಐದೂವರೆ ಇಂಚು ಉದ್ದದ ಸ್ಟಾನ್ಲಿ ನಂಬರ್ 1 ಉಜ್ಜುಗೊರಡಿನಂಥ ದುಬಾರಿ ಸಾಮಾನಿನಲ್ಲಿ ಈ ಪರೀಕ್ಷೆ ಬಿಡಲೇಬೇಡಿ.

7. ಗ್ರೈಂಡರ್ ಮುಟ್ಟಬೇಡಿ. ಹೊಳಪಿನ ಆಸೆಗೆ ವೈರ್ ಬ್ರಷ್ ಚಕ್ರ ಹಿಡಿದವರು ತಯಾರಕನ ಹೆಸರನ್ನೂ ಅಳಿಸಿದ್ದಾರೆ. ಹಗುರ ತುಕ್ಕಿಗೆ ಸೀಮೆಎಣ್ಣೆ, ಹಿತ್ತಾಳೆ ಬ್ರಷ್ ಸಾಕು. ದಪ್ಪ ತುಕ್ಕಿಗೆ ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ವಾಷಿಂಗ್ ಸೋಡಾ ಕದಡಿ, 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಮೈನಸ್ ತಂತಿಯನ್ನು ಸ್ಪ್ಯಾನರಿಗೂ ಪ್ಲಸ್ಸನ್ನು ಗುಜರಿ ಕಬ್ಬಿಣದ ತುಂಡಿಗೂ ಸಿಕ್ಕಿಸಿ. ಎರಡೂ ನೀರಿನಲ್ಲಿ ಮುಳುಗಿರಲಿ, ಆದರೆ ಒಂದಕ್ಕೊಂದು ತಾಗಬಾರದು. ಮರುದಿನಕ್ಕೆ ತುಕ್ಕು ಕಪ್ಪು ಮಸಿಯಾಗಿ ಉಜ್ಜಿದರೆ ಬರುತ್ತದೆ, ಕಬ್ಬಿಣ ಸವೆಯುವುದಿಲ್ಲ. ಪ್ಲಸ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಬೇಡ. ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಹೈಡ್ರೋಜನ್ ಅನಿಲ ಏಳುವುದರಿಂದ ಕೆಲಸ ಬಯಲಲ್ಲೇ ಆಗಲಿ, ಬೀಡಿ ದೂರವಿರಲಿ, ಚಾರ್ಜರ್ ಆಫ್ ಮಾಡದೆ ನೀರಿಗೆ ಕೈ ಹಾಕಬೇಡಿ. ಮರದ ಹಿಡಿಯಿದ್ದರೆ ಈ ಸ್ನಾನ ಬೇಡವೇ ಬೇಡ. ತೊಳೆದು, ಬಿಸಿಲಿಗೆ ಒಣಗಿಸಿ, ತೆಳುವಾಗಿ ಮೇಣ ಸವರಿ. ಕರಾವಳಿಯವರು ಮಳೆಗಾಲಕ್ಕೆ ಮುಂಚೆ ಇನ್ನೊಮ್ಮೆ ಸವರಬೇಕು.

8. ರೈಲ್ವೆ ಗುರುತಿದ್ದರೆ ರಸೀದಿ ಕೇಳಿ. ಹರಾಜಿನಲ್ಲಿ ಹೊರಬಂದ ಮಾಲಾದರೆ ಕಾಗದವಿರುತ್ತದೆ. ಕದ್ದದ್ದೆಂಬ ಅನುಮಾನದ ರೈಲ್ವೆ ಸಾಮಾನು ಇಟ್ಟುಕೊಳ್ಳುವುದೇ 1966ರ ಕಾಯ್ದೆಯಡಿ ಅಪರಾಧ. “ನನಗೇನು ಗೊತ್ತು ಸ್ವಾಮಿ” ನಡೆಯುವುದಿಲ್ಲ.

9. ಚೀಟಿ ಕಟ್ಟಿ. ಎಲ್ಲಿ, ಯಾವಾಗ, ಎಷ್ಟಕ್ಕೆ, ಮಾರಿದವನು ಏನೆಂದ ಎಂಬುದನ್ನು ಅಂದೇ ಬರೆದುಬಿಡಿ. ಗುರುತು ಸಿಗದವು ಬೇರೆ ಡಬ್ಬಿಗೆ ಹೋಗಲಿ. ಅಮೆರಿಕದ ಸಂಗ್ರಾಹಕರ ಕೂಟಗಳಲ್ಲಿ ಇಂಥ ಅನಾಮಿಕಗಳನ್ನೇ ಮೇಜಿನ ಮೇಲಿಟ್ಟು “ಇದೇನು?” ಎಂದು ಒಬ್ಬರನ್ನೊಬ್ಬರು ಕೇಳುವ ಪರಿಪಾಠವಿದೆ. ನಾವು ಆ ಡಬ್ಬಿ ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಗೋ ನಮ್ಮೂರಿನ ಹಳೇ ಲೇತ್ ಅಂಗಡಿಗೋ ಹೋಗಬೇಕು. ಕೆಲಸದ ಗಲಾಟೆ ಇಳಿಯುವ ಸಂಜೆ ಹೊತ್ತು ನೋಡಿಕೊಳ್ಳಿ, ಹಿರಿಯ ಮೇಸ್ತ್ರಿಯ ಮುಂದೆ ಡಬ್ಬಿ ಸುರಿಯಿರಿ. ಟೀ ಖರ್ಚು ನಿಮ್ಮದು.