ಕೈಗೆ ಸಿಕ್ಕಿದ್ದೆಲ್ಲ ಗಂಟಲ್ಲ

ಪ್ರಶ್ನೆ: ನನಗೆ 36 ವರ್ಷ. ಸ್ತನಗಳನ್ನು ತಿಂಗಳಿಗೊಮ್ಮೆ ನಾವೇ ಪರೀಕ್ಷಿಸಿಕೊಳ್ಳಬೇಕೆಂದು ಆರೋಗ್ಯ ಶಿಬಿರದಲ್ಲಿ ಹೇಳಿದರು. ಮನೆಗೆ ಬಂದು ನೋಡಿಕೊಂಡರೆ ಎಲ್ಲಿ ಮುಟ್ಟಿದರೂ ಗಂಟು! ಅಂದಿನಿಂದ ನಿದ್ದೆಯಿಲ್ಲ. ಸರಿಯಾದ ಕ್ರಮ ತಿಳಿಸಿ.
– ಹೆಸರು ಬೇಡ, ಹಾಸನ

ಉತ್ತರ: ಮೊದಲ ಸಲ ನೋಡಿಕೊಂಡವರಲ್ಲಿ ಅನೇಕರಿಗೆ ಹೀಗೇ ಆಗುತ್ತದೆ. ನಿಮ್ಮ ಹೆದರಿಕೆ ಅರ್ಥವಾಗುವಂಥದ್ದೇ. ಆದರೆ ಸ್ತನದೊಳಗೆ ಹಾಲಿನ ಗ್ರಂಥಿಗಳು, ನಾಳಗಳು, ಕೊಬ್ಬು ಎಲ್ಲ ಸೇರಿಕೊಂಡಿರುವುದರಿಂದ ಅದು ಯಾರಿಗೂ ಒಂದೇ ಸಮ ಮೆತ್ತಗಿರುವುದಿಲ್ಲ. ಕಂಕುಳ ಕಡೆಯ ಮೇಲ್ಭಾಗ ಸ್ವಲ್ಪ ಉಂಡೆ ಉಂಡೆಯಾಗಿ ಸಿಗುತ್ತದೆ, ಕೆಳಗಿನ ಅಂಚು ಗಟ್ಟಿ ದಿಂಡಿನಂತಿರುತ್ತದೆ. ಎರಡೂ ಕಡೆ ಹೀಗೇ ಇದ್ದರೆ ಸಾಮಾನ್ಯವಾಗಿ ಅದು ನಿಮ್ಮ ದೇಹದ ಸಹಜ ರಚನೆ.

ನೀವು ಬಹುಶಃ ಬೆರಳುಗಳ ನಡುವೆ ಹಿಡಿದು ಹಿಚುಕಿ ನೋಡಿದ್ದೀರಿ. ಹಾಗೆ ಹಿಡಿದರೆ ಎಂಥವರಿಗೂ ಗಂಟೇ ಸಿಗುತ್ತದೆ.

ಇನ್ನು ದಿನದ ವಿಷಯ. ಮುಟ್ಟಿನ ಮುಂಚಿನ ವಾರ ಸ್ತನಗಳು ಬಿಗಿದು ನೋಯುತ್ತವೆ, ಆಗ ನೋಡಿಕೊಳ್ಳಬೇಡಿ. ಮುಟ್ಟು ಶುರುವಾದ ದಿನದಿಂದ ಎಣಿಸಿ ಏಳರಿಂದ ಹತ್ತನೆಯ ದಿನದೊಳಗೆ ನೋಡಿಕೊಳ್ಳಿ. ಮುಟ್ಟು ನಿಂತವರು ತಿಂಗಳ ಯಾವುದಾದರೂ ಒಂದು ತಾರೀಖು ಇಟ್ಟುಕೊಂಡರಾಯಿತು.

ಮೊದಲು ಬಾಗಿಲು ಹಾಕಿ, ಬೆಳಕಿರುವಲ್ಲಿ ಕನ್ನಡಿಯ ಮುಂದೆ ನಿಲ್ಲಿ. ಕೈ ಇಳಿಬಿಟ್ಟು ಒಮ್ಮೆ, ಎರಡೂ ಕೈ ಮೇಲೆತ್ತಿ ಒಮ್ಮೆ, ಸೊಂಟವನ್ನು ಒತ್ತಿ ಹಿಡಿದು ಒಮ್ಮೆ ನೋಡಿ. ಒಂದು ಸ್ತನ ಇನ್ನೊಂದಕ್ಕಿಂತ ತುಸು ದೊಡ್ಡದಿರುವುದು ಮಾಮೂಲು. ಎಲ್ಲಾದರೂ ಚರ್ಮ ಒಳಕ್ಕೆ ಎಳೆದಂತೆ ಗುಳಿ ಬಿದ್ದಿದೆಯೇ, ಕಿತ್ತಳೆ ಸಿಪ್ಪೆಯ ಹಾಗೆ ದಪ್ಪಗಾಗಿದೆಯೇ, ಮೊದಲು ಸರಿಯಿದ್ದ ತೊಟ್ಟು ಈಚೆಗೆ ಒಳಗೆ ಸರಿದಿದೆಯೇ ಎಂದು ಗಮನಿಸಿ.

ಆಮೇಲೆ ಮಲಗಿ. ಬಲಗಡೆ ನೋಡುವಾಗ ಬಲ ಭುಜದ ಕೆಳಗೆ ದಿಂಬಿಟ್ಟು, ಬಲಗೈಯನ್ನು ತಲೆಯ ಹಿಂದಕ್ಕೆ ಮಡಚಿ, ಎಡಗೈಯಿಂದ ಮುಟ್ಟಿ ನೋಡಿ. ಬೆರಳ ತುದಿ ಬೇಡ. ನಡುವಿನ ಮೂರು ಬೆರಳುಗಳ ಮೆತ್ತನೆಯ ಭಾಗವನ್ನು ಚಪ್ಪಟೆಯಾಗಿ ಇಟ್ಟು, ರೂಪಾಯಿ ನಾಣ್ಯದಗಲ ಸುತ್ತಿಸಿ. ಅದೇ ಜಾಗದಲ್ಲಿ ಮೊದಲು ಹಗುರವಾಗಿ, ಮತ್ತೆ ಸ್ವಲ್ಪ ಒತ್ತಿ, ಕೊನೆಗೆ ಪಕ್ಕೆಲುಬು ತಾಗುವಷ್ಟು ಒತ್ತಿ. ಕಂಕುಳಿನಿಂದ ಶುರುಮಾಡಿ ಎದೆಯ ನಡುಮೂಳೆಯವರೆಗೆ, ಕೊರಳೆಲುಬಿನಿಂದ (ಕತ್ತಿನ ಬುಡದ ಅಡ್ಡ ಮೂಳೆ) ಸ್ತನದ ಕೆಳಗಿನವರೆಗೆ, ಮೇಲೆ ಕೆಳಗೆ ಸಾಲು ಹೊಡೆಯುತ್ತ ಹೋಗಿ. ಸ್ನಾನದಲ್ಲಿ ಸೋಪು ಹಚ್ಚಿಕೊಂಡಾಗ ಬೆರಳು ಸಲೀಸಾಗಿ ಜಾರುತ್ತದೆ, ಕಂಕುಳನ್ನು ಆಗ ಇನ್ನೊಮ್ಮೆ ನೋಡಬಹುದು. ತೊಟ್ಟನ್ನು ಹಿಂಡಬೇಡಿ. ತಾನಾಗಿ ರಕ್ತ ಅಥವಾ ನೀರು ಒಸರಿದರೆ ಮಾತ್ರ ವೈದ್ಯರಿಗೆ ಹೇಳಬೇಕು.

ಒಂದು ತಿಂಗಳು ತಪ್ಪಿದರೆ ಅನಾಹುತವೇನೂ ಆಗದು. ಶಾಂಘೈನ ಜವಳಿ ಗಿರಣಿಗಳ ಸುಮಾರು 2,66,000 ಮಹಿಳೆಯರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ಈ ಪರೀಕ್ಷೆ ಕಲಿತವರಲ್ಲೂ ಕಲಿಯದವರಲ್ಲೂ ಸ್ತನ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಒಂದೇ ಇತ್ತು. ಕಲಿತವರಿಗೆ ನಿರಪಾಯಕಾರಿ ಗಂಟುಗಳ ತಪಾಸಣೆ ಮಾತ್ರ ಹೆಚ್ಚಾಯಿತು. ಹಾಗೆಂದು ನಾನು ಇದನ್ನು ಬೇಡವೆನ್ನುವುದಿಲ್ಲ. ನಿಮ್ಮ ಮೈ ಮಾಮೂಲಿಗೆ ಹೇಗಿರುತ್ತದೆಂದು ನಿಮಗೆ ಗೊತ್ತಿದ್ದರೆ ಹೊಸದೇನಾದರೂ ಬಂದಾಗ ಬೇಗ ತಿಳಿಯುತ್ತದೆ, ಅಷ್ಟೇ ಇದರ ಕೆಲಸ. ನುರಿತವರ ಕೈಯ ಪರೀಕ್ಷೆಗೆ ಇದು ಬದಲಿಯಲ್ಲ. 30ರಿಂದ 65ರೊಳಗಿನವರಿಗೆ ಐದು ವರ್ಷಕ್ಕೊಮ್ಮೆ ಆ ಪರೀಕ್ಷೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ; ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಸದ್ಯಕ್ಕೆ ಮುಂದಿನ ಮುಟ್ಟು ಮುಗಿಯುವವರೆಗೆ ಮುಟ್ಟಿ ಮುಟ್ಟಿ ನೋಡುವುದನ್ನು ಬಿಡಿ. ಆಮೇಲೂ ಒಂದೇ ಕಡೆ ಗಟ್ಟಿಯಾಗಿ, ಬೇರೆಯಾಗಿ ಏನಾದರೂ ಸಿಕ್ಕರೆ ತೋರಿಸಿ.

ಪ್ರಶ್ನೆ: ನನಗೆ 61. ಎಡ ಎದೆಯಲ್ಲಿ ಅವರೆಕಾಳಿನಷ್ಟು ಗಂಟಿದೆ. ನೋವಿಲ್ಲವಲ್ಲ ಎಂದು ಬಿಟ್ಟಿದ್ದೆ. ಸೂಜಿ ಚುಚ್ಚಿದರೆ ಹರಡುತ್ತದೆ ಎನ್ನುತ್ತಾರೆ. ಮಗನಿಗೆ ಹೇಳಲು ಸಂಕೋಚ.
– ಓದುಗರು, ಚಿತ್ರದುರ್ಗ ಜಿಲ್ಲೆ

ಉತ್ತರ: ಬರೆದು ತಿಳಿಸಿದಿರಲ್ಲ ಅಮ್ಮ, ಒಳ್ಳೆಯದಾಯಿತು. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಮುಟ್ಟು ನಿಂತ ಮೇಲೆ ಬಂದ ಗಂಟನ್ನು ಹಾಗೇ ಬಿಡಬಾರದು. ನೋವಿಲ್ಲ ಎಂಬುದು ಧೈರ್ಯಕ್ಕೆ ಕಾರಣವಲ್ಲ. ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಈ ವಾರವೇ ತೋರಿಸಿ.

ಸೂಜಿಯ ಭಯ ಬಹಳ ಜನರಿಗಿದೆ. ಬಯಾಪ್ಸಿ (ಗಂಟಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು) ಮಾಡಿಸಿದ್ದಕ್ಕೆ ರೋಗ ಹರಡುವುದಿಲ್ಲ. ತಡ ಮಾಡಿದರೆ ಹರಡಬಹುದು. ಜಿಲ್ಲಾ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಹೋಗಿ. ವೈದ್ಯರು ಮೊದಲು ಕೈಯಿಂದ ನೋಡುತ್ತಾರೆ, ಬಳಿಕ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಅಥವಾ ಸ್ಕ್ಯಾನಿಂಗ್, ಬೇಕೆನಿಸಿದರೆ ಬಯಾಪ್ಸಿ. ಮುಂದೆ ದೊಡ್ಡ ಆಸ್ಪತ್ರೆ ಬೇಕಾದರೆ ಬೆಂಗಳೂರಿನ ಕಿದ್ವಾಯಿ ಇದೆ. ಮಗನಿಗೆ ವಿವರ ಹೇಳಬೇಕಿಲ್ಲ, 'ಆಸ್ಪತ್ರೆಗೆ ಹೋಗಬೇಕು, ಕರೆದುಕೊಂಡು ಹೋಗಪ್ಪಾ' ಎಂದರೆ ಸಾಕು. ಒಳಗೆ ಹೋಗುವಾಗ ಸೊಸೆಯೋ ತಂಗಿಯೋ ಜೊತೆಗಿರಲಿ. ಲೇಡಿ ಡಾಕ್ಟರ್ ಬೇಕೆಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಪ್ರಶ್ನೆ: ನಾನು ಗಂಡಸು, 55 ವರ್ಷ. ಒಂದು ತೊಟ್ಟಿನ ಕೆಳಗೆ ಗಟ್ಟಿಯಾಗಿದೆ. ಕೇಳಿದರೆ ನಗುತ್ತಾರೇನೋ.
– ಓದುಗರು, ಹುಬ್ಬಳ್ಳಿ

ಉತ್ತರ: ಯಾವ ವೈದ್ಯರೂ ನಗುವುದಿಲ್ಲ. ಸ್ತನ ಕ್ಯಾನ್ಸರ್ ನೂರರಲ್ಲಿ ಸುಮಾರು ಒಂದು ಗಂಡಸರಿಗೇ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ ಕಾಣುವುದು ಗೈನೆಕೊಮಾಸ್ಟಿಯಾ (ಗಂಡಸರಲ್ಲಿ ಸ್ತನದ ಗ್ರಂಥಿ ಬೆಳೆಯುವುದು). ಅದು ಕೆಲವು ಔಷಧಿಗಳಿಂದ, ಲಿವರಿನ ತೊಂದರೆಯಿಂದಲೂ ಬರಬಹುದು. ಎರಡರಲ್ಲಿ ಯಾವುದೆಂದು ಮನೆಯಲ್ಲಿ ಕೂತು ಹೇಳಲಾಗದು. ಸರ್ಜನ್‌ಗೆ ತೋರಿಸಿ. ಹೋಗುವಾಗ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯನ್ನು ಮರೆಯದೆ ಒಯ್ಯಿರಿ.