ನಮ್ಮ ಹೊಳೆಯ ಮೊಸಳೆ

ಗೆಳೆಯ ಗೆಳತಿಯರೇ, ಕಾಡುಪ್ರಾಣಿಗಳ ಹೆಸರು ಬರೆಯಿರಿ ಅಂದ ಕೂಡಲೆ ನಾವೆಲ್ಲ ಹುಲಿ, ಸಿಂಹ, ಆನೆ, ಚಿರತೆ ಅಂತ ಸಾಲಾಗಿ ಬರೆದುಬಿಡುತ್ತೇವೆ. ಮಾರ್ಕ್ಸೂ ಬೀಳುತ್ತವೆ. ಆದರೆ ನಮ್ಮ ದೇವದುರ್ಗ, ಮಾನ್ವಿ ಕಡೆ ಹುಲಿ ಎಲ್ಲೈತಿ? ಹುಲಿ ನೋಡಬೇಕಂದರೆ ಬಂಡೀಪುರಕ್ಕೋ ನಾಗರಹೊಳೆಗೋ ಹೋಗಬೇಕು. ನಮ್ಮನ್ನು ಹಿಡಿಯುವಂಥ ಪ್ರಾಣಿ ಕಾಡಿನಲ್ಲಿಲ್ಲ, ನಾವು ನೀರು ತರುವ ಹೊಳೆಯಲ್ಲೇ ಐತಿ. ಅದಕ್ಕೇ ಈ ಸಲ ಮೊಸಳೆಯ ಬಗ್ಗೆ ಬರೆದಿದ್ದೇನೆ.

ನಮ್ಮ ರಾಯಚೂರು ಜಿಲ್ಲೆ ಎರಡು ಹೊಳೆಗಳ ನಡುವೆ ಇದೆ. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ಹಿಂದಿನ ಕಾಲದಲ್ಲಿ ಈ ಸೀಮೆಗೆ ಎಡೆದೊರೆ ನಾಡು ಎಂದು ಹೆಸರಿತ್ತು, ಅಂದರೆ ಹೊಳೆಗಳ ನಡುವಿನ ನಾಡು. ದೇವದುರ್ಗ ತಾಲೂಕಿನ ಕೊಪ್ಪರ, ಗೂಗಲ್ ಕೃಷ್ಣಾ ದಂಡೆಯ ಊರುಗಳು. ಮಾನ್ವಿ ತಾಲೂಕಿನ ಚೀಕಲಪರ್ವಿ ತುಂಗಭದ್ರಾ ದಂಡೆಗೆ ಇದೆ. ರಾಯಚೂರಿನ ಕಡೆ ಕೃಷ್ಣೆಯ ನಡುವೆ ಕುರುವಪುರ ಎಂಬ ನಡುಗಡ್ಡೆ ಇದೆ, ದತ್ತಾತ್ರೇಯ ಸ್ವಾಮಿಯ ಭಕ್ತರು ಹೊಳೆ ದಾಟಿ ಅಲ್ಲಿಗೆ ಹೋಗುತ್ತಾರೆ. ಈ ಎರಡೂ ಹೊಳೆಗಳಲ್ಲಿ ಮೊಸಳೆಗಳಿವೆ.

ಭಾರತದಲ್ಲಿ ಮೂರು ಜಾತಿಯ ಮೊಸಳೆಗಳಿವೆ. ಉಪ್ಪುನೀರಿನ ಮೊಸಳೆ ಒಡಿಶಾ, ಸುಂದರಬನ, ಅಂಡಮಾನ್ ಕಡೆ. ಉದ್ದ ಮೂತಿಯ ಘರಿಯಾಲ್ ಚಂಬಲ್‌ನಂಥ ಉತ್ತರದ ನದಿಗಳಲ್ಲಿ. ನಮ್ಮಲ್ಲಿರುವುದು ಸಿಹಿನೀರಿನ ಮಗ್ಗರ್ ಮೊಸಳೆ. ದೊಡ್ಡ ಗಂಡು ನಾಲ್ಕು ಮೀಟರ್ ದಾಟುತ್ತದೆ. ನಮ್ಮ ತರಗತಿಯ ಕರಿಹಲಗೆಯನ್ನು ಅಳೆದು ನೋಡಿದೆವು, ಅದಕ್ಕಿಂತ ಉದ್ದ ಆಯಿತು! ಇದರ ಮುಖ್ಯ ಆಹಾರ ಮೀನು, ಆಮೆ, ಹಕ್ಕಿ. ನಾಯಿ, ಕುರಿ, ಆಡು ದಂಡೆಗೆ ಬಂದರೆ ಅವನ್ನೂ ಬಿಡುವುದಿಲ್ಲ. ಮೈ ತಣ್ಣಗಿನ ಪ್ರಾಣಿಯಾದ್ದರಿಂದ ಇದಕ್ಕೆ ನಮ್ಮಂಗ ಮೂರು ಹೊತ್ತು ಊಟ ಬೇಕಾಗಿಲ್ಲ, ಒಮ್ಮೆ ಹೊಟ್ಟೆ ತುಂಬ ತಿಂದರೆ ಎಷ್ಟೋ ದಿನ ತಡೆಯುತ್ತದೆ. ಚಳಿಗಾಲದ ಮುಂಜಾನೆ ಬಂಡೆಯ ಮೇಲೆ ಬಾಯಿ ತೆರೆದು ಬಿದ್ದಿರುವುದನ್ನು ದಂಡೆಯ ಊರಿನವರು ನೋಡಿಯೇ ಇರುತ್ತೀರಿ. ಅದು ಬಿಸಿಲು ಕಾಯಿಸುವುದು. ಸತ್ತಂಗ ಕಾಣ್ತದ ಅಂತ ಕಲ್ಲು ಒಗೆಯಲು ಹತ್ತಿರ ಹೋಗಬ್ಯಾಡ್ರಿ, ನೆಲದ ಮೇಲೂ ಸ್ವಲ್ಪ ದೂರ ಅದು ಜೋರಾಗಿ ಓಡಬಲ್ಲದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೊಸಳೆ ಹೇಗೆ ಹಿಡಿಯುತ್ತದೆ?

ಅದರ ಕಣ್ಣು, ಮೂಗು, ಕಿವಿ ಮೂರೂ ತಲೆಯ ಮೇಲ್ಭಾಗದಲ್ಲಿ ಒಂದೇ ಮಟ್ಟಕ್ಕಿವೆ. ಹೀಗಾಗಿ ಮೈಯೆಲ್ಲ ನೀರಿನಲ್ಲಿ ಮುಳುಗಿಸಿ ಎರಡು ಕಣ್ಣು, ಮೂಗಿನ ತುದಿ ಮಾತ್ರ ಮೇಲಿಟ್ಟುಕೊಂಡು ನೋಡಬಲ್ಲದು. ದೂರದಿಂದ ಅದು ತೇಲುವ ಕಟ್ಟಿಗೆ ತುಂಡಿನಂತೆ ಕಾಣುತ್ತದೆ. ಕಣ್ಣಿಗೆ ಮೂರನೆಯ ರೆಪ್ಪೆ ಇದೆ, ಅದು ಕನ್ನಡಿಯಂತೆ ತೆಳು, ಮುಳುಗಿದಾಗ ಮುಚ್ಚಿಕೊಳ್ಳುತ್ತದೆ. ಗಂಟಲಲ್ಲಿ ಒಂದು ಮುಚ್ಚಳ ಇರುವುದರಿಂದ ನೀರೊಳಗೆ ಬಾಯಿ ತೆರೆದರೂ ಶ್ವಾಸನಾಳಕ್ಕೆ ನೀರು ಹೋಗುವುದಿಲ್ಲ. ಸುಮ್ಮನೆ ಮಲಗಿದ್ದರೆ ಒಂದು ತಾಸಿನವರೆಗೂ ಮೇಲೆ ಬರದೆ ಇರಬಲ್ಲದು. ಅಂದಮೇಲೆ "ನೀರು ನೋಡಿದೆವು, ಏನೂ ಇರಲಿಲ್ಲ" ಅನ್ನುವ ಮಾತಿಗೆ ಅರ್ಥ ಇಲ್ಲ. ಅದು ಅಟ್ಟಿಸಿಕೊಂಡು ಬರುವ ಪ್ರಾಣಿ ಅಲ್ಲ, ಹೊಂಚು ಹಾಕುವ ಪ್ರಾಣಿ. ಬಾಲದಿಂದ ಒಮ್ಮೆಲೇ ನೀರನ್ನು ಒದ್ದು ಮುಂದೆ ಚಿಮ್ಮಿ ಕೈಯನ್ನೋ ಕಾಲನ್ನೋ ಕಚ್ಚಿ ಆಳಕ್ಕೆ ಎಳೆಯುತ್ತದೆ. ಎಳೆದ ಮೇಲೆ ತಾನೇ ಗರಗರ ಉರುಳುತ್ತದೆ. ಗಜೇಂದ್ರ ಮೋಕ್ಷದ ಕಥೆಯಲ್ಲಿ ಆನೆಯನ್ನು ಹಿಡಿದಿದ್ದೂ ಕಾಲನ್ನೇ, ಅದೂ ನೀರಿಗೆ ಇಳಿದಾಗಲೇ. ಆ ಕಥೆ ಕಟ್ಟಿದವರು ಹೊಳೆ ದಂಡೆಯವರೇ ಇರಬೇಕು ಅಂತ ನನಗೆ ಅನ್ನಿಸುತ್ತದೆ.

ಹೊಂಚು ಹಾಕುವ ಪ್ರಾಣಿಗೆ ಬೇಕಾಗಿರುವುದು ಒಂದೇ: ಬೇಟೆ ದಿನಾ ಅದೇ ಜಾಗಕ್ಕೆ, ಅದೇ ಹೊತ್ತಿಗೆ ಬರಬೇಕು. ನಾವು ಮಾಡುವುದು ಅದನ್ನೇ ಅಲ್ಲವೇ? ಬಟ್ಟೆ ಒಗೆಯಲು ಅದೇ ಬಂಡೆ, ಎಮ್ಮೆ ಮೈ ತೊಳೆಯಲು ಅದೇ ಮಡು, ಕೊಡ ತುಂಬಲು ಅದೇ ಇಳಿಜಾರು. ಮೀನುಗಾರರು ಬಲೆ ಬಿಡಿಸುವುದು ನಸುಕಿನಲ್ಲಿ. ಮೋಟರಿನ ಫುಟ್‌ವಾಲ್ವಿಗೆ ಕಸ ಕಟ್ಟಿದರೆ ರೈತರು ಎದೆಮಟ್ಟ ನೀರಿಗೆ ಇಳಿಯುತ್ತಾರೆ. ತ್ರೀಫೇಸ್ ಕರೆಂಟು ರಾತ್ರಿ ಬಂದರೆ ರಾತ್ರಿಯೇ ಹೋಗಬೇಕು. ಮೊಸಳೆ ಹೆಚ್ಚಾಗಿ ಬೇಟೆಗೆ ಹೊರಡುವ ಹೊತ್ತೂ ಸಂಜೆಗತ್ತಲು, ರಾತ್ರಿ, ನಸುಕು. ನಮ್ಮ ಅಜ್ಜ ಹೇಳುವ ಪ್ರಕಾರ "ರಾತ್ರಿ ಹೊಳಿಗೆ ಬ್ಯಾಟರಿ ಬಿಟ್ಟು ನೋಡು, ಅದರ ಕಣ್ಣು ಕೆಂಡದಂಗ ಹೊಳೀತಾವ." ಇದು ಸುಳ್ಳಲ್ಲ. ಬೆಳಕನ್ನು ಹಿಂದಕ್ಕೆ ಹೊಡೆಯುವ ಪದರ ಅದರ ಕಣ್ಣಿನೊಳಗೆ ಇದೆ ಅಂತ ವಿಜ್ಞಾನದ ಸರ್ ಹೇಳಿದರು.

ವರ್ಷದಲ್ಲಿ ಬೇಸಿಗೆಯೇ ಕೆಟ್ಟದ್ದು. ಮಳೆಗಾಲದಲ್ಲಿ ಹೊಳೆ ಒಂದು ದಂಡೆಯಿಂದ ಇನ್ನೊಂದು ದಂಡೆಗೆ ತುಂಬಿರುತ್ತದೆ, ಮೊಸಳೆಗಳೂ ಚದುರಿರುತ್ತವೆ. ಬೇಸಿಗೆಯಲ್ಲಿ ಹರಿವು ನಿಂತು ಅಲ್ಲಲ್ಲಿ ಮಡುಗಳು ಮಾತ್ರ ಉಳಿಯುತ್ತವೆ. ಮೊಸಳೆ, ಮೀನು ಎಲ್ಲಾ ಆ ಮಡುಗಳಿಗೇ ಸೇರುತ್ತವೆ. ಊರಲ್ಲಿ ಬೋರು ಬತ್ತಿದರೆ, ನಲ್ಲಿ ಬರದಿದ್ದರೆ ಅವ್ವ ಅಕ್ಕಂದಿರೂ ಕೊಡ ಹೊತ್ತು ಅದೇ ಮಡುವಿಗೆ ಹೋಗುತ್ತಾರೆ. ಮನೆಯಲ್ಲಿ ನೀರು ಬರುವವರು ಹೊಳೆಗೆ ಯಾಕ ಹೋದಾರು? ಮೊಸಳೆ ಬಾಯಿಗೆ ಸಿಗುವವರು ನೀರಿಲ್ಲದವರೇ. ಉಸುಕು ಎತ್ತಿದ ಗುಂಡಿಗಳು ಇನ್ನೊಂದು ಕಷ್ಟ. ಮೇಲಿನಿಂದ ಮೊಳಕಾಲುದ್ದ ಕಾಣುವ ನೀರು ಒಳಗೆ ಆಳು ಮುಳುಗುವಷ್ಟು ಇರುತ್ತದೆ.

ಮೊಸಳೆ ಮೊಟ್ಟೆ ಇಡುವುದೂ ಬೇಸಿಗೆಯ ಆರಂಭದಲ್ಲೇ. ದಂಡೆಯ ಉಸುಕಿನಲ್ಲಿ ಗುಂಡಿ ತೋಡಿ ಇಪ್ಪತ್ತೈದು ಮೂವತ್ತು ಮೊಟ್ಟೆ ಇಟ್ಟು ಮುಚ್ಚಿ, ತಾಯಿ ಹತ್ತಿರದಲ್ಲೇ ಕಾಯುತ್ತದೆ. ಎರಡು ತಿಂಗಳಿಗೆ ಮರಿಗಳು ಒಳಗಿನಿಂದಲೇ ಕೂಗುತ್ತವೆ. ಆಗ ತಾಯಿ ಉಸುಕು ತೆಗೆದು ಮರಿಗಳನ್ನು ಬಾಯಲ್ಲಿ ಹಿಡಿದು ನೀರಿಗೆ ಬಿಡುತ್ತದೆ. ಮೊಟ್ಟೆಯಲ್ಲಿ ಗಂಡೋ ಹೆಣ್ಣೋ ಎಂಬುದು ಉಸುಕಿನ ಬಿಸಿಯ ಮೇಲೆ ನಿಂತಿದೆ ಅಂತೆ, ಇದು ನನಗೆ ಬಹಳ ವಿಚಿತ್ರ ಅನ್ನಿಸಿತು. ಗೂಡಿನ ಹತ್ತಿರ ಹೋದವರ ಮೇಲೆ ಹೊಟ್ಟೆ ತುಂಬಿದ ತಾಯಿಯೂ ಏರಿ ಬರುತ್ತದೆ. ಕುರಿ ಮೇಯಿಸುವ ಹುಡುಗರು ಇದನ್ನು ನೆನಪಿಡಬೇಕು.

ಪ್ರವಾಹ ಬಂದರೆ ಲೆಕ್ಕ ತಪ್ಪುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ಬೆಳಗಾವಿ ಜಿಲ್ಲೆಯ ರಾಯಬಾಗ ತಾಲೂಕಿನಲ್ಲಿ ಮುಳುಗಿದ ಮನೆಯೊಂದರ ಚಾವಣಿ ಮೇಲೆ ಮೊಸಳೆ ಬಂದು ಕುಳಿತಿತ್ತು. ಪಾಪ, ಅದಕ್ಕೂ ನಿಲ್ಲಲು ಜಾಗ ಬೇಕಲ್ಲ. ನೀರು ಇಳಿದ ಮೇಲೆ ಇಂಥವು ಹಳ್ಳದಲ್ಲಿ, ಹೊಲದ ಗುಂಡಿಯಲ್ಲಿ ಉಳಿದುಬಿಡಬಹುದು.

ಅದೇ ಜಾಗ, ಅದೇ ಹೊತ್ತು ಎಂಬ ಮಾತು ಹಾವಿಗೂ ಸಲ್ಲುತ್ತದೆ. ಭತ್ತಕ್ಕೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ, ರಾತ್ರಿ ನೀರು ಕಟ್ಟಲು ಬರಿಗಾಲಲ್ಲಿ ನಾವು ಹೋಗುತ್ತೇವೆ. ಸತ್ತವರ ಲೆಕ್ಕ ನೋಡಿದರೆ ಮೊಸಳೆ ಏನೂ ಅಲ್ಲ. 2000ರಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತರು ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. 2024ರಲ್ಲಿ ನಮ್ಮ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಎಂದು ಆದೇಶ ಮಾಡಿತು. ಹಾವಿನ ಬಗ್ಗೆ ಬೇರೆ ಲೇಖನವೇ ಬೇಕು, ಇಲ್ಲಿಗೆ ಬಿಡುತ್ತೇನೆ. ಮೊಸಳೆಯೇ ಆಗಲಿ ಹಾವೇ ಆಗಲಿ, ಕಚ್ಚಿದರೆ ಮೊದಲು 108ಕ್ಕೆ ಫೋನು. ಮೊಸಳೆ ಕಚ್ಚಿದ ಗಾಯಕ್ಕೆ ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಅದುಮಿ ರಕ್ತ ನಿಲ್ಲಿಸಬೇಕು. ಅದರ ಹಲ್ಲಿನಲ್ಲಿ ಕೊಳೆ ಬಹಳ, ಸಣ್ಣ ಗಾಯವೂ ಕೀವಾಗುತ್ತದೆ, ಅರಿಶಿಣ ಮೆತ್ತಿ ಮನೆಯಲ್ಲಿ ಕೂಡುವಂಗಿಲ್ಲ.

"ಎಲ್ಲಾ ಮೊಸಳಿ ಹೊಡದು ಹಾಕಿದ್ರ ಮುಗೀತಲ್ಲ" ಅಂತ ಹಿರಿಯರು ಕೆಲವರು ಅನ್ನುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊಸಳೆ ಮೊದಲನೆಯ ಅನುಸೂಚಿಯಲ್ಲಿದೆ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ. ಚರ್ಮಕ್ಕಾಗಿ ಕೊಂದು ಕೊಂದು ದೇಶದಲ್ಲಿ ಬಹಳ ಕಡಿಮೆಯಾದ ಮೇಲೆ 1975ರಲ್ಲಿ ಇವನ್ನು ಉಳಿಸುವ ಯೋಜನೆ ಶುರುವಾಯಿತು. ಗುಜರಾತಿನ ಚರೋತರ್ ಸೀಮೆಯಲ್ಲಿ ಊರ ಕೆರೆಗಳಲ್ಲೇ ಮಗ್ಗರ್‌ಗಳಿವೆ, ಜನರೂ ಅದೇ ಕೆರೆಗಳನ್ನು ಬಳಸುತ್ತಾರೆ. ಆದರೆ ಅಲ್ಲಿಯ ರೂಢಿ ನಮ್ಮಲ್ಲಿ ಒಂದೇ ದಿನಕ್ಕೆ ಬರುವುದಿಲ್ಲ. ನಮಗೆ ಬೇಕಾದದ್ದು ಬೇಲಿ.

ಹೌದು, ನೀರಿನಲ್ಲಿ ಬೇಲಿ! ಶ್ರೀಲಂಕಾದಲ್ಲಿ ಹೊಳೆಯ ಸ್ನಾನದ ಜಾಗಕ್ಕೆ ನೀರೊಳಗೆ ಒತ್ತಾಗಿ ಗೂಟ ಹೊಡೆದು ಕೊಟ್ಟಿಗೆಯಂತೆ ಮಾಡುತ್ತಾರೆ. ಅದಕ್ಕೆ ಸಿಂಹಳದಲ್ಲಿ ಕಿಂಬುಲ್ ಕೊಟುವ ಎಂದು ಹೆಸರು. ಕಿಂಬುಲ ಅಂದರೆ ಮೊಸಳೆ, ಕೊಟುವ ಅಂದರೆ ನಮ್ಮ ಕೋಟೆಯೇ. ಒಡಿಶಾದ ಭಿತರಕನಿಕ ಕಡೆಯೂ ಅರಣ್ಯ ಇಲಾಖೆ ನದಿ ಘಾಟುಗಳಿಗೆ ಇಂಥ ಕಟ್ಟೆಬೇಲಿ ಹಾಕಿಸಿದೆ. ಇದು ನಮ್ಮೂರ ಘಾಟಿಗೂ ಆಗಬೇಕೆಂದು ಗ್ರಾಮಸಭೆಯಲ್ಲಿ ಕೇಳಬೇಕು ಅಂತ ನಾನೂ ನನ್ನ ಗೆಳೆಯರೂ ಗುರುಗಳಿಗೆ ಹೇಳಿದ್ದೇವೆ. ಜಾಲಿ ಗೂಟಕ್ಕೆ ನಮ್ಮಲ್ಲಿ ಬರ ಇಲ್ಲ. ಕಷ್ಟ ಎರಡಿವೆ. ನಮ್ಮ ಹೊಳೆಯ ತಳದಲ್ಲಿ ಬಂಡೆ ಜಾಸ್ತಿ, ಗೂಟ ಇಳಿಯದ ಕಡೆ ಕಬ್ಬಿಣದ ಜಾಳಿಗೆಯ ಚೌಕಟ್ಟು ಇಟ್ಟು ಬುಡಕ್ಕೆ ಕಲ್ಲು ಒಟ್ಟಬೇಕು. ಇನ್ನೊಂದು, ಆಗಸ್ಟ್‌ನಲ್ಲಿ ಡ್ಯಾಮಿನಿಂದ ನೀರು ಬಿಟ್ಟರೆ ಎಲ್ಲಾ ಕಿತ್ತುಕೊಂಡು ಹೋಗುತ್ತದೆ. ಆದ್ದರಿಂದ ಪ್ರತಿ ವರ್ಷ ದೀಪಾವಳಿ ಆದ ಮೇಲೆ ಹೊಸದಾಗಿ ಹಾಕಿ, ಮಳೆಗಾಲಕ್ಕೆ ಮುಂಚೆ ಚೌಕಟ್ಟು ಎತ್ತಿಡಬೇಕು.

ಬೇಲಿಯ ಚಿತ್ರವನ್ನು ಈ ಹಾಳೆಯ ಕೆಳಗೆ ಅಂಟಿಸಿದ್ದೇವೆ. ಗೂಟದಿಂದ ಗೂಟಕ್ಕೆ ಅರ್ಧ ಗೇಣಿಗಿಂತ ಹೆಚ್ಚು ಸಂದು ಬಿಟ್ಟಿಲ್ಲ. ದಂಡೆಯ ಕಡೆಗೂ ಗೂಟ ತೋರಿಸಿ ಒಂದು ಬಾಗಿಲು ಮಾಡಿದ್ದೇವೆ, ಯಾಕಂದ್ರೆ ಮೊಸಳೆ ರಾತ್ರಿ ದಂಡೆಯ ಮೇಲಿಂದ ನಡೆದು ಒಳಗೆ ಬಂದರೆ ಬೇಲಿ ಇದ್ದೂ ಕೆಟ್ಟಿತು. ಬಾಗಿಲ ಹತ್ತಿರ ಒಂದು ಉದ್ದ ಕೋಲು ಕಾಣುತ್ತದಲ್ಲ, ಅದು ಮುಂಜಾನೆ ಮೊದಲು ಬಂದವರು ನೀರಿಗೆ ಇಳಿಯುವ ಮುಂಚೆ ಒಳಗೆಲ್ಲ ಬಡಿದು ನೋಡುವುದಕ್ಕೆ.